ಆಳು ಇಡುವುದಾ, ಕೋಲು ಕೊಡುವುದಾ, ಊರಿಗೆ ಕಳಿಸುವುದಾ? ಬಲ ಕುಂದಿದ ಹಿರಿಯರಿರುವ ಮನೆಯವರಿಗೆ

ಹೋದ ವರ್ಷ ಆಸಾಡಿ ಮಳೆಯಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು. ವಯಸ್ಸು ಎಂಬತ್ತೊಂದು. ಎಲುಬು ಮುರಿಯಲಿಲ್ಲ. ಎಕ್ಸ್‌ರೇ ನೋಡಿದ ಡಾಕ್ಟರು ‘ಏನೂ ಆಗಿಲ್ಲ, ಪುಣ್ಯ ಮಾಡಿದ್ದೀರಿ’ ಅಂದರು. ನಾವೂ ಹಾಗೇ ಅಂದುಕೊಂಡು ರಿಕ್ಷಾ ಹತ್ತಿ ಮನೆಗೆ ಬಂದೆವು.

ಆದದ್ದೆಲ್ಲ ಆಮೇಲೆ. ಡೊಂಬಿವಲಿ ಪೂರ್ವದ ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ನಮ್ಮದು ಮೂರನೇ ಮಾಳಿಗೆ. ಅಷ್ಟನ್ನೂ ಇಳಿದು, ಭಾಜಿಯವನ ಹತ್ತಿರ ಎರಡು ರೂಪಾಯಿಗೆ ಜಗಳ ಆಡಿ, ಒಂದು ಜುಡಿ ಕೊತ್ತಂಬರಿ ಪುಕ್ಕಟೆ ಗಿಟ್ಟಿಸಿಕೊಂಡು ಬರುತ್ತಿದ್ದ ಅತ್ತೆ ಇಳಿಯುವುದನ್ನೇ ಬಿಟ್ಟರು. ಕೇಳಿದರೆ, ‘ಎಂತಕ್ಕೆ ಮಾರಾಯ್ತಿ? ಮತ್ತೆ ಬಿದ್ರೆ ನಿಂಗೇ ಕಷ್ಟ.’

ನಾವು ಮಾಡಿದ್ದೂ ಸರಿ ಇರಲಿಲ್ಲ. ಅವರು ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಎತ್ತಿ ಅಟ್ಟಕ್ಕೆ ಹಾಕಿದೆವು. ದೇವರ ದೀಪ ನಾನೇ ಹಚ್ಚಿದೆ. ‘ನೀವು ಕೂತ್ಕೊಳ್ಳಿ ಅತ್ತೆ’ ಅನ್ನುವ ಮಾತು ದಿನಕ್ಕೆ ಇಪ್ಪತ್ತು ಸಲ. ಅವರು ಕೂತರು. ಎಷ್ಟು ಚೆನ್ನಾಗಿ ಕೂತರು ಅಂದರೆ, ಮೂರು ತಿಂಗಳಲ್ಲಿ ಕುರ್ಚಿಯಿಂದ ಏಳಲಿಕ್ಕೆ ಇಬ್ಬರು ಬೇಕಾದರು. ಬಿದ್ದದ್ದರಿಂದ ಆಗದ ನಷ್ಟ ನಾವು ಕೂರಿಸಿದ್ದರಿಂದ ಆಯಿತು.

ಅಲ್ಲಿಂದ ಇಲ್ಲಿಯ ತನಕ ನಾವು ಒಂದೊಂದೇ ಆಯ್ಕೆ ಮಾಡಿ ನೋಡಿದೆವು. ಕೆಲವು ಕೈಕೊಟ್ಟವು, ಕೆಲವು ನಡೆದವು. ಮುಂಬೈ, ಪುಣೆ ಕಡೆ ನಮ್ಮ ಹಾಗೇ ಇರುವ ಕನ್ನಡದ ಮನೆಗಳಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಹೋಲಿಸಲು ನಾನು ಇಟ್ಟುಕೊಂಡ ಅಳತೆಗೋಲು ಒಂದೇ. ಈ ಆಯ್ಕೆ ಮಾಡಿದರೆ, ರಾತ್ರಿ ಮಲಗುವ ಹೊತ್ತಿಗೆ ಅವರು ತಮ್ಮ ಕೈಯಾರೆ ಎಷ್ಟು ಕೆಲಸ ಮಾಡಿರುತ್ತಾರೆ? ದುಡ್ಡು, ಸುರಕ್ಷೆ ಎಲ್ಲ ಲೆಕ್ಕಕ್ಕೆ ಬರುತ್ತವೆ. ಆದರೆ ಎರಡು ಆಯ್ಕೆ ಸಮ ಸಮ ಅನ್ನಿಸಿದಾಗ ನಾನು ಈ ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಆರಿಸುವ ಮುಂಚೆ

ಹೀಗೆ ಮೈಯ ಕಸುವು ಕಮ್ಮಿಯಾಗುವುದಕ್ಕೆ ಡಾಕ್ಟರುಗಳು ಫ್ರೇಲ್ಟಿ ಅನ್ನುತ್ತಾರೆ. ನಾವು ಬಲ ಕುಂದುವುದು ಅನ್ನೋಣ. ವಯಸ್ಸಾಗುವುದೂ ಇದೂ ಒಂದೇ ಅಲ್ಲ. ತೊಂಬತ್ತರಲ್ಲಿ ಗಟ್ಟಿ ಇರುವವರಿದ್ದಾರೆ, ಅರವತ್ತೆಂಟಕ್ಕೇ ಕುಂದಿದವರೂ ಇದ್ದಾರೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಜೊತೆಯ ವೈದ್ಯರು ಇದಕ್ಕೆ ಐದು ಗುರುತು ಹೇಳಿದರು. ಪ್ರಯತ್ನವಿಲ್ಲದೆ ವರ್ಷದಲ್ಲಿ ನಾಲ್ಕೂವರೆ ಕಿಲೋದಷ್ಟು ತೂಕ ಇಳಿಯುವುದು, ಸದಾ ಸುಸ್ತು, ಕೈಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಮ್ಮಿಯಾಗುವುದು. ಮೂರು ಅಥವಾ ಜಾಸ್ತಿ ಇದ್ದರೆ ಬಲ ಕುಂದಿದೆ ಅಂತ ಲೆಕ್ಕ. ಒಂದೋ ಎರಡೋ ಇದ್ದರೆ ಹೊಸ್ತಿಲಲ್ಲಿದ್ದಾರೆ. ನಮ್ಮ ಅತ್ತೆಗೆ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆಯಲು ಆಗದೆ ಆರು ತಿಂಗಳಾಗಿತ್ತು. ನಾವು ಅದನ್ನು ಬಾಟಲಿಯ ತಪ್ಪು ಅಂದುಕೊಂಡಿದ್ದೆವು.

ಇನ್ನೊಂದು ವಿಷಯ ಭಯ. 1990ರಲ್ಲಿ ಮೇರಿ ಟಿನೆಟ್ಟಿ ಎಂಬ ವೈದ್ಯೆ ಬೀಳುವ ಭಯವನ್ನು ಅಳೆಯಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ‘ಬೀಳುತ್ತೀರಾ?’ ಅಂತ ಅದರಲ್ಲಿ ಕೇಳುವುದಿಲ್ಲ. ಬೀಳದೆ ಸ್ನಾನ ಮಾಡಬಲ್ಲೆ, ಕುರ್ಚಿಯಿಂದ ಏಳಬಲ್ಲೆ, ಕಪಾಟಿಗೆ ಕೈ ಹಾಕಬಲ್ಲೆ ಅನ್ನುವ ಧೈರ್ಯ ಎಷ್ಟಿದೆ ಅಂತ ಕೇಳುತ್ತಾರೆ. ನಾನು ಅದನ್ನು ನಮ್ಮ ಮನೆಗೆ ಒಗ್ಗಿಸಿ, ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತೀರಿ ಅಂತ ಅತ್ತೆಯನ್ನು ಕೇಳಿದೆ. ಅಡಿಗೆ ಕಟ್ಟೆ ಹತ್ತಿರ ನಿಲ್ಲುವುದಕ್ಕೆ ಒಂಬತ್ತು ಕೊಟ್ಟರು. ಸ್ನಾನಕ್ಕೆ ಮೂರು. ಮೆಟ್ಟಿಲಿಗೆ ಬಂದಾಗ, ‘ಸೊನ್ನೆ ಕೊಡ್ಲಿಕ್ಕೆ ಆತ್ತಾ?’ ಅಂದರು.

ಆ ಒಂದು ಹಾಳೆ ನಮ್ಮ ಕಣ್ಣು ತೆರೆಸಿತು. ಒಂಬತ್ತು ಮಾರ್ಕಿನ ಕೆಲಸವನ್ನೇ ನಾವು ಅವರಿಂದ ಕಿತ್ತುಕೊಂಡಿದ್ದೆವು! ನೀವೂ ಮೊದಲು ಇದನ್ನು ಮಾಡಿ. ಮಗ, ಮಗಳು, ಸೊಸೆ ಉತ್ತರ ಹೇಳಬಾರದು. ಡಾಕ್ಟರ ಹತ್ತಿರ ಹೋದಾಗಲೂ ಅಷ್ಟೇ. ‘ಇವರಿಗೆ ಹಸಿವು ಆಗುತ್ತಾ?’ ಅಂತ ಅವರು ನನ್ನನ್ನು ಕೇಳುತ್ತಾರೆ. ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಈಗ ನಾನು ಬಾಯಿ ಬಿಡುವುದಿಲ್ಲ, ಅತ್ತೆಯ ಮುಖ ನೋಡುತ್ತೇನೆ.

ಕೋಲು, ಆಳು ಅಂತ ಖರ್ಚು ಮಾಡುವ ಮುಂಚೆ ಔಷಧದ ಚೀಲವನ್ನು ಇಡೀ ಎತ್ತಿಕೊಂಡು ಡಾಕ್ಟರಿಗೆ ತೋರಿಸಿ. ಮಲಗಿ ಎದ್ದು ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಅಂಕಿ 20 ಅಥವಾ ಜಾಸ್ತಿ ಇಳಿದರೆ ತಲೆ ಸುತ್ತಿ ಬೀಳುವ ಸಂಭವ ಇದೆ. ನಿಂತು ಬಿಪಿ ನೋಡಿ ಅಂತ ನಾವೇ ಕೇಳಬೇಕು, ಎಷ್ಟೋ ಕಡೆ ಕೂತಲ್ಲೇ ನೋಡಿ ಕಳಿಸುತ್ತಾರೆ. ನಿದ್ದೆ ಮಾತ್ರೆ, ಹಳೇ ಕನ್ನಡಕ ಇವೂ ಬೀಳಿಸುತ್ತವೆ. ಎರಡು ವಾರ ಆದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುವುದಿಲ್ಲ, ನಿದ್ದೆ ಇಲ್ಲ ಅಂದರೆ ಅದು ಬರೀ ಮೈಯ ಸೋಲಲ್ಲ, ಖಿನ್ನತೆಯೂ ಇರಬಹುದು. ಡಾಕ್ಟರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕೂಡ ಇದೆ.

ಇಡೀ ದಿನದ ಆಳು, ಮೂರು ಗಂಟೆಯ ಆಳು, ನಾವೇ

ಮುಂಬೈಯಲ್ಲಿ ಹಿರಿಯರನ್ನು ನೋಡಿಕೊಳ್ಳಲು ಬರುವವರು ಸಾಮಾನ್ಯವಾಗಿ ಬ್ಯೂರೋ ಮೂಲಕ ಸಿಗುತ್ತಾರೆ. ಹನ್ನೆರಡು ಗಂಟೆಯವರು, ಇಪ್ಪತ್ತನಾಲ್ಕು ಗಂಟೆಯವರು, ಹೀಗೆ. ಇಂಥ ಹೆಂಗಸರನ್ನು ಇಲ್ಲಿ ಮಾವಶಿ ಅನ್ನುತ್ತಾರೆ. ನಾವು ಹೆದರಿ ಮೊದಲು ಹನ್ನೆರಡು ಗಂಟೆಯ ಮಾವಶಿಯನ್ನು ಇಟ್ಟೆವು. ಬಹಳ ಒಳ್ಳೆಯ ಹೆಂಗಸು. ಅದೇ ತೊಂದರೆ ಆಯಿತು! ತಲೆ ಬಾಚುವುದು ಅವರೇ, ಸೀರೆ ಉಡಿಸುವುದು ಅವರೇ, ಅನ್ನ ಕಲಸಿ ಕೊಡುವುದೂ ಅವರೇ. ಎರಡು ವಾರದಲ್ಲಿ ಅತ್ತೆ ನೀರಿನ ಲೋಟಕ್ಕೆ ಕೈ ಚಾಚುವುದನ್ನೂ ಬಿಟ್ಟು ಸುಮ್ನೆ ಮಾವಶಿಯ ಮುಖ ನೋಡತೊಡಗಿದರು.

ಈಗ ಬೆಳಿಗ್ಗೆ ಮೂರು ಗಂಟೆ ಮಾತ್ರ ಇನ್ನೊಬ್ಬರು ಬರುತ್ತಾರೆ. ಬಂದ ಮೊದಲ ದಿನವೇ ಕೆಲಸವನ್ನು ಬೇರೆ ತರ ಹೇಳಿಕೊಟ್ಟೆವು. ಸ್ನಾನ ಅತ್ತೆಯೇ ಮಾಡುತ್ತಾರೆ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು. ಬಾಗಿಲು ಮುಂದೆ ಮಾಡಿರುತ್ತದೆ, ಚಿಲಕ ಹಾಕುವುದಿಲ್ಲ. ಮಾವಶಿ ಹೊರಗೆ ನಿಂತು ಮಾತಾಡುತ್ತಾ ಇರುತ್ತಾರೆ. ಬೆನ್ನಿಗೆ ನೀರು ಹಾಕಲು ಕರೆದರೆ ಮಾತ್ರ ಒಳಗೆ. ಮೊದಲು ಹದಿನೈದು ನಿಮಿಷದ ಸ್ನಾನ ಈಗ ನಲವತ್ತು ನಿಮಿಷ. ಆಗಲಿ, ಅವರಿಗೆ ಯಾವ ಲೋಕಲ್ ಹಿಡಿಯಬೇಕಾಗಿದೆ?

ಆದರೆ ಎಲ್ಲರಿಗೂ ಮೂರು ಗಂಟೆ ಸಾಕಾಗುವುದಿಲ್ಲ. ರಾತ್ರಿ ಮೂರ್ನಾಲ್ಕು ಸಲ ಎದ್ದು ಟಾಯ್ಲೆಟ್‌ಗೆ ಹೋಗುವವರು, ಹೊತ್ತು ಗೊತ್ತು ತಿಳಿಯದಷ್ಟು ಮರೆವು ಇರುವವರು, ಹಾಸಿಗೆಯಲ್ಲಿ ತಾವೇ ಮಗ್ಗುಲು ಬದಲಿಸಲಾಗದವರು ಇದ್ದರೆ ರಾತ್ರಿಯ ಜನ ಬೇಕೇ ಬೇಕು. ಅಲ್ಲಿ ಸ್ವಂತ ಕೈ ಕೆಲಸ ಅಂತ ನನ್ನ ಅಳತೆಗೋಲು ಹಿಡಿದು ಕೂರಬಾರದು. ಮನೆಯವರೆಲ್ಲ ಬೆಳಿಗ್ಗೆ ಏಳೂವರೆಯ ಫಾಸ್ಟ್ ಲೋಕಲ್ ಹಿಡಿದು ರಾತ್ರಿ ಎಂಟಕ್ಕೆ ಬರುವವರಾದರೆ ಹನ್ನೆರಡು ಗಂಟೆಯವರೇ ಸರಿ, ಆದರೆ ಏನು ಮಾಡಬಾರದು ಅನ್ನುವ ಪಟ್ಟಿಯನ್ನೂ ಅವರಿಗೆ ಕೊಡಿ. ‘ನಾವೇ ನೋಡಿಕೊಳ್ಳುತ್ತೇವೆ’ ಅನ್ನುವವರು, ‘ನಾವು’ ಅಂದರೆ ಯಾರು ಅಂತ ಮೊದಲೇ ಬಿಡಿಸಿ ಹೇಳಿ. ಮುಕ್ಕಾಲು ಪಾಲು ಮನೆಗಳಲ್ಲಿ ಅದು ಒಬ್ಬ ಹೆಂಗಸು. ಅವಳ ಸೊಂಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬ್ಯೂರೋದವರ ಹತ್ತಿರ ಕೇಳಬೇಕಾದ್ದು: ಕಮಿಷನ್ ಒಂದು ಸಲವಾ, ತಿಂಗಳು ತಿಂಗಳುವಾ? ರಜೆ ಹಾಕಿದರೆ ಬದಲಿ ಯಾರು? ಬದಲಿಯವರು ಬಂದ ದಿನ ಮತ್ತೆ ಎಲ್ಲ ಹೊಸದಾಗಿ ಹೇಳಿಕೊಡಬೇಕಾಗುತ್ತದೆ. ಪದೇಪದೇ ಮುಖ ಬದಲಾದರೆ ಹಿರಿಯರು ಮೊದಲು ಬಿಡುವುದು ಸ್ನಾನವನ್ನು. ಗುರುತಿಲ್ಲದವರ ಎದುರು ಯಾರಿಗೆ ಬೇಕು ಹೇಳಿ.

ಕೋಲು, ವಾಕರ್, ನಮ್ಮ ತೋಳು

ಅತ್ತೆಗೆ ಕೋಲು ಅಂದರೆ ಅವಮಾನ. ‘ಅಜ್ಜಿ ಆದೆ ಅಂತ ಡಂಗುರ ಸಾರಬೇಕಾ?’ ಅಂದಿದ್ದರು, ಮೊಮ್ಮಗನಿಗೆ ಇಪ್ಪತ್ತಾರು ತುಂಬಿದ ಮೇಲೆ. ಹಾಗಾಗಿ ಮೊದಲು ನನ್ನ ತೋಳು ಹಿಡಿದೇ ನಡೆದರು. ಅದರಲ್ಲಿ ಎರಡು ತೊಂದರೆ. ನಾನಿಲ್ಲದ ಹೊತ್ತಿಗೆ ಅವರು ನಡೆಯುವುದಿಲ್ಲ. ಅವರು ಜಾರಿದರೆ ನಾನೂ ಬೀಳುತ್ತೇನೆ.

ಆಮೇಲೆ ಯಾರೋ ಹೇಳಿದರು ಅಂತ ವಾಕರ್ ತಂದೆವು. ಚಕ್ರ ಇಲ್ಲದ, ನಾಲ್ಕು ಕಾಲಿನದು. ಮನೆಗೆ ತಂದ ಮೇಲೆ ಗೊತ್ತಾಯಿತು, ಅದು ನಮ್ಮ ಬಚ್ಚಲ ಬಾಗಿಲಲ್ಲಿ ತೂರುವುದೇ ಇಲ್ಲ. ಹಳೇ ಕಟ್ಟಡಗಳ ಬಚ್ಚಲ ಬಾಗಿಲು ಎಷ್ಟು ಇಕ್ಕಟ್ಟು ಅಂತ ಗೊತ್ತಲ್ಲ. ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿದು ಮನೆಯ ಎಲ್ಲ ಬಾಗಿಲು ಅಳೆಯಿರಿ. ಈಗ ಆ ವಾಕರ್ ಬಾಲ್ಕನಿಯಲ್ಲಿದೆ. ಮಳೆಗಾಲದಲ್ಲಿ ಟವೆಲ್ ಒಣಗಿಸಲು ಅನುಕೂಲ.

ಹೋಲಿಸಿ ಹೇಳುವುದಾದರೆ, ಸಮತೋಲ ಸ್ವಲ್ಪ ಮಾತ್ರ ತಪ್ಪುತ್ತಿದ್ದರೆ, ಒಂದು ಕಾಲು ಮಾತ್ರ ನೋವಿದ್ದರೆ ಸಾದಾ ಕೋಲು ಸಾಕು. ತುದಿಯಲ್ಲಿ ನಾಲ್ಕು ಪಾದ ಇರುವ ಕೋಲು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಮೆಟ್ಟಿಲ ಮೇಲೆ ನಾಲ್ಕೂ ಪಾದ ಊರದಿದ್ದರೆ ಅದೇ ಬೀಳಿಸುತ್ತದೆ. ಎರಡೂ ಕಾಲು ಸೋತಿದ್ದರೆ, ಆಪರೇಷನ್ ಆಗಿದ್ದರೆ ವಾಕರ್. ಚಕ್ರ ಇಲ್ಲದ್ದನ್ನು ಪ್ರತಿ ಹೆಜ್ಜೆಗೆ ಎತ್ತಿ ಇಡಬೇಕು, ತೋಳಿನಲ್ಲಿ ಕಸುವಿಲ್ಲದವರಿಗೆ ಮುಂದೆ ಎರಡು ಚಕ್ರ ಇರುವುದೇ ಒಳ್ಳೆಯದು. ಯಾವುದೇ ಆಗಲಿ, ಫಿಸಿಯೋ (ಫಿಸಿಯೋಥೆರಪಿಸ್ಟ್) ಒಮ್ಮೆ ನೋಡಿ ಹೇಳಲಿ.

ಕೋಲಿನ ಎತ್ತರ ಹೀಗೆ ನೋಡಬೇಕು. ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಲಗಾಲು ನೋವಾದರೆ ಎಡಗೈ. ಸಾಮಾನ್ಯವಾಗಿ ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ, ಅತ್ತೆಯೂ ಮಾಡಿದರು. ಅವಮಾನದ ವಿಷಯ ತೀರಿದ್ದು ಹೇಗೆ ಅಂದರೆ, ಕೋಲನ್ನು ನಾವು ತಂದುಕೊಡಲಿಲ್ಲ. ಅವರನ್ನೇ ಅಂಗಡಿಗೆ ಕರೆದುಕೊಂಡು ಹೋದೆವು. ಐದು ನೋಡಿ, ಮೂರು ಬೈದು, ಕಡೆಗೆ ಕಪ್ಪು ಹಿಡಿಯ ಒಂದನ್ನು ಚೌಕಾಶಿ ಮಾಡಿ ತಂದರು. ಈಗ ಅದು ಅವರ ಕೋಲು.

ಬಚ್ಚಲಲ್ಲಿ ಟವೆಲ್ ಹಾಕುವ ರಾಡ್ ಹಿಡಿದು ಏಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿಸಿ. ಅದು ಮನುಷ್ಯರ ಭಾರ ತಡೆಯುವುದಿಲ್ಲ. ಗೋಡೆಗೆ ಕೊರೆದು ಕೂರಿಸುವ ಹಿಡಿಕೆಗಳೇ ಬೇರೆ. ಒಂದು ಕಮೋಡ್ ಪಕ್ಕ, ಒಂದು ಸ್ನಾನದ ಜಾಗದಲ್ಲಿ. ನಮ್ಮ ಮನೆಯಲ್ಲಿ ಖರ್ಚಿನ ಲೆಕ್ಕದಲ್ಲಿ ಅತಿ ಹೆಚ್ಚು ಧೈರ್ಯ ಕೊಟ್ಟದ್ದು ಈ ಎರಡು ಹಿಡಿಕೆ. ಸ್ನಾನದ ಮೂರು ಮಾರ್ಕ್ಸ್ ಒಂದೇ ವಾರದಲ್ಲಿ ಆರಾಯಿತು.

ಕಸರತ್ತು: ಮನೆಗೆ ಬರುವ ಫಿಸಿಯೋ, ಕ್ಲಿನಿಕ್, ಪಾರ್ಕ್

‘ಈ ವಯಸ್ಸಿಗೆ ಎಂತ ಕಸರತ್ತು?’ ಅನ್ನುವವರಿಗೆ ನಾನು ಹೇಳುವ ಕಥೆ ಇದು. 1990ರಲ್ಲಿ ಅಮೆರಿಕದ ಮರಿಯಾ ಫಿಯಟರೋನ್ ಎಂಬ ವೈದ್ಯೆ ಒಂದು ಆರೈಕೆ ಮನೆಯಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಕಾಲಿಗೆ ಭಾರ ಕೊಟ್ಟು ಕಸರತ್ತು ಮಾಡಿಸಿದರು. ಎಂಟು ವಾರ. ಮುಗಿಸಿದವರ ಕಾಲಿನ ಶಕ್ತಿ ಸರಾಸರಿ ಶೇಕಡಾ 174ರಷ್ಟು ಏರಿತ್ತು. ಹತ್ತೇ ಜನ ಅಂತ ಮೂಗು ಮುರಿಯಬಹುದು. 2014ರಲ್ಲಿ ಪ್ರಕಟವಾದ ಲೈಫ್ ಅನ್ನುವ ಅಧ್ಯಯನದಲ್ಲಿ 70ರಿಂದ 89 ವಯಸ್ಸಿನ 1635 ಜನ ಇದ್ದರು. ಕ್ರಮವಾಗಿ ನಡಿಗೆ, ಕಸರತ್ತು ಮಾಡಿದವರಲ್ಲಿ 400 ಮೀಟರ್ ನಡೆಯುವ ಶಕ್ತಿ ಕಳೆದುಕೊಂಡವರು ಶೇಕಡಾ 30. ಆರೋಗ್ಯದ ಬಗ್ಗೆ ತರಗತಿ ಮಾತ್ರ ಕೇಳಿದವರಲ್ಲಿ ಶೇಕಡಾ 35ಕ್ಕೂ ಮೇಲೆ. ಪವಾಡ ಏನಲ್ಲ. ಆದರೆ ಯಾವ ಟಾನಿಕ್ಕಿಗಿಂತ ಮೇಲು.

ಮನೆಗೆ ಬರುವ ಫಿಸಿಯೋ ದುಬಾರಿ. ಆದರೆ ನಿಮ್ಮ ಕುರ್ಚಿ, ನಿಮ್ಮ ಮಂಚ, ನಿಮ್ಮ ಮೆಟ್ಟಿಲ ಮೇಲೇ ಕಲಿಸುತ್ತಾರೆ. ಹೊರಗೆ ಇಳಿಯಲು ಆಗದವರಿಗೆ ಇದೇ ಸರಿ. ಕ್ಲಿನಿಕ್ ಅಗ್ಗ, ಸಲಕರಣೆ ಜಾಸ್ತಿ, ತಮ್ಮಂಥ ನಾಲ್ಕು ಜನರ ಮುಖ ಕಾಣುತ್ತದೆ. ಹೋಗಿ ಬರುವುದೇ ಅರ್ಧ ಕಸರತ್ತು, ಲಿಫ್ಟ್ ಇಲ್ಲದಿದ್ದರೆ ಅದೇ ಅಡ್ಡಿ. ಪಾರ್ಕಿನ ನಗೆ ಕೂಟ, ಯೋಗ ಮನಸ್ಸಿಗೆ ಬಹಳ ಒಳ್ಳೆಯದು, ಆದರೆ ಬರೀ ಕೈ ಆಡಿಸಿದರೆ ತೊಡೆಗೆ ಕಸುವು ಬರುವುದಿಲ್ಲ. ನಾವು ಆರು ವಾರ ಮನೆಗೆ ಕರೆಸಿ, ಆಮೇಲೆ ಕ್ಲಿನಿಕ್ಕಿಗೆ ಹೋದೆವು. ಈ ಕ್ರಮವೇ ಒಳ್ಳೆಯದು ಅನ್ನುತ್ತೇನೆ.

ಫಿಸಿಯೋ ಬರೀ ಶೇಕ ಕೊಟ್ಟು, ಕರೆಂಟಿನ ಮೆಷಿನ್ ಹಚ್ಚಿ ಹೋಗುತ್ತಿದ್ದರೆ ಬೇರೆಯವರನ್ನು ನೋಡಿ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಅಂತ ಅವರು ಅಳೆಯಬೇಕು. ಹನ್ನೆರಡು ಸೆಕೆಂಡ್ ಅಥವಾ ಜಾಸ್ತಿ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅತ್ತೆಗೆ ಮೊದಲ ದಿನ ಇಪ್ಪತ್ತೊಂದು. ಈಗ ಹದಿನಾಲ್ಕು. ಆ ಅಂಕಿ ಅವರಿಗೆ ಬಾಯಿಪಾಠ, ಫೋನಿನಲ್ಲಿ ಊರಿನ ತಂಗಿಗೂ ಹೇಳುತ್ತಾರೆ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಬಿದ್ದ ಮೇಲೆ ನೆಲದಿಂದ ಏಳುವುದನ್ನು ಕಲಿಸಿ ಅಂತ ಫಿಸಿಯೋಗೆ ಕೇಳಿ. ನಾವು ಕೇಳುವ ತನಕ ಯಾರೂ ಹೇಳಿರಲಿಲ್ಲ. ಅತ್ತೆಯ ಭಯ ಬೀಳುವುದರ ಬಗ್ಗೆ ಅಷ್ಟಿರಲಿಲ್ಲ. ಅವತ್ತು ಬಚ್ಚಲಲ್ಲಿ ನಲವತ್ತು ನಿಮಿಷ ಒದ್ದೆ ನೆಲದ ಮೇಲೆ, ಸೀರೆ ಸರಿ ಮಾಡಿಕೊಳ್ಳಲೂ ಆಗದೆ, ಹಾಲಿನವನ ಗಂಟೆ ಕೇಳುತ್ತಾ ಬಿದ್ದಿದ್ದರು. ಅದು ಅವರ ಭಯ. ತಿಂಗಳುಗಟ್ಟಲೆ ಆದ ಮೇಲೆ ಬಾಯಿ ಬಿಟ್ಟು ಹೇಳಿದರು.

ಚಾಪೆ ಹಾಸಿ ಕಲಿಸಿದರು. ಮೊದಲು ಗಾಬರಿಯಾಗದೆ ಉಸಿರು ಸುಧಾರಿಸಿಕೊಳ್ಳುವುದು. ಎಲ್ಲಿ ನೋವು ಅಂತ ನೋಡಿಕೊಳ್ಳುವುದು. ಒಂದು ಮಗ್ಗುಲಿಗೆ ಹೊರಳುವುದು. ಮೊಣಕೈ ಊರಿ, ಆಮೇಲೆ ಅಂಗೈ, ಮೊಣಕಾಲು ಊರಿ ಅಂಬೆಗಾಲಿಗೆ ಬರುವುದು. ಹತ್ತಿರದ ಗಟ್ಟಿ ಕುರ್ಚಿಯವರೆಗೆ ತೆವಳುವುದು. ಕುರ್ಚಿಯ ಮೇಲೆ ಎರಡೂ ಕೈ ಇಟ್ಟು, ಗಟ್ಟಿ ಇರುವ ಕಾಲಿನ ಪಾದವನ್ನು ಮುಂದೆ ಊರಿ, ಮೇಲೆದ್ದು ತಿರುಗಿ ಕೂರುವುದು. ಮೊದಲ ಸಲ ಕುರ್ಚಿಯ ಮೇಲೆ ಕೂತಾಗ ಅತ್ತೆ ಏನೂ ಮಾತಾಡಲಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡರು. ಆಮೇಲೆ, ‘ಇನ್ನೊಂದ್ ಸಲ ಮಾಡ್ಲಾ?’ ಅಂದರು.

ಸೊಂಟದಲ್ಲಿ ಜೋರು ನೋವಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಾದರೆ ಏಳಲು ಹೋಗಬಾರದು, ಎಬ್ಬಿಸಲೂಬಾರದು. ಮಹಾರಾಷ್ಟ್ರದಲ್ಲಿ ಆಂಬುಲೆನ್ಸ್‌ಗೆ 108.

ಊಟದ ಬಗ್ಗೆ ಒಂದೇ ಮಾತು. ಬರೀ ಗಂಜಿ, ಉಪ್ಪಿನಕಾಯಿಯಿಂದ ಮಾಂಸಖಂಡ ಬೆಳೆಯುವುದಿಲ್ಲ. ತೊವ್ವೆ, ಮೊಸರು, ಮೊಳಕೆ ಕಾಳು, ತಿನ್ನುವವರಾದರೆ ಮೊಟ್ಟೆ, ಮೀನು ಮೂರು ಹೊತ್ತಿಗೂ ಹಂಚಿ ಬರಲಿ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಜಾಸ್ತಿ ಮಾಡಿ.

ಮೂರನೇ ಮಾಳಿಗೆಯೇ ಇರಲಾ, ಲಿಫ್ಟ್ ಇರುವ ಕಡೆ ಹೋಗೋಣವಾ

ಕೈಯಲ್ಲಿ ದುಡ್ಡಿದ್ದರೆ ಲಿಫ್ಟ್ ಅನ್ನುವವರೇ ಎಲ್ಲ. ನಾನೂ ಅಂದೆ. ಮನೆ ನೋಡಿಯೂ ಬಂದೆವು. ಒಂಬತ್ತನೇ ಮಾಳಿಗೆ, ಎರಡು ಲಿಫ್ಟ್, ಗಾಳಿ ಬೆಳಕು. ಅತ್ತೆ ಕಿಟಕಿಯಿಂದ ಕೆಳಗೆ ನೋಡಿ, ‘ಇಲ್ಲಿಂದ ಕೂಗಿದ್ರೆ ಯಾರಿಗೆ ಕೇಣತ್ತ್?’ ಅಂದರು. ಇಲ್ಲಿ ಎದುರು ಮನೆಯ ಕುಲಕರ್ಣಿ ಅಜ್ಜಿ ಬಾಗಿಲು ತೆರೆದೇ ಇಟ್ಟಿರುತ್ತಾರೆ. ಕೆಳಗಿನ ಭಾಜಿಯವನು ಅತ್ತೆಯನ್ನು ಇಪ್ಪತ್ತು ವರ್ಷದಿಂದ ಆಯಿ ಅನ್ನುತ್ತಾನೆ. ಅದನ್ನು ಬಿಟ್ಟು ಹೋದರೆ ಲಿಫ್ಟ್ ಇದ್ದೂ ಇಳಿಯುವುದು ಯಾರಿಗಾಗಿ?

ಉಳಿದೆವು. ಪ್ರತಿ ತಿರುವಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇಡಲು ಸೊಸೈಟಿಯವರ ಹತ್ತಿರ ಅನುಮತಿ ಕೇಳಿದೆವು. ಎರಡು ಮೀಟಿಂಗ್ ಬೇಕಾಯಿತು, ಅದು ಬೇರೆ ಕಥೆ. ಗೋಡೆಯ ಕಡೆಗೂ ಒಂದು ಕಂಬಿ ಹಾಕಿಸಿದೆವು. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಎದೆನೋವು, ಏದುಸಿರು ಇರುವವರಿಗೆ, ಮಂಡಿ ಪೂರ್ತಿ ಸವೆದವರಿಗೆ ಈ ಸಾಹಸ ಬೇಡ. ಅವರಿಗೆ ಲಿಫ್ಟ್ ಇರುವ ಮನೆಯೇ ಸರಿ, ಸಾಧ್ಯವಾದರೆ ಅದೇ ಗಲ್ಲಿಯಲ್ಲಿ. ಕಟ್ಟಡ ರೀಡೆವಲಪ್‌ಮೆಂಟ್‌ಗೆ ಹೋಗುತ್ತಿದ್ದರೆ ಬಾಡಿಗೆ ಮನೆಯನ್ನೂ ಇದೇ ಲೆಕ್ಕದಲ್ಲಿ ಹುಡುಕಿ.

ಊರು, ಪುಣೆ, ಆಶ್ರಮ

ಮುಂಬೈಯ ಕನ್ನಡದ ಮನೆಯಲ್ಲಿ ಈ ಮಾತು ಬಂದೇ ಬರುತ್ತದೆ. ‘ಊರಿಗೆ ಕಳಿಸಿದರೆ ಹೇಗೆ? ಗಾಳಿ ಚೆನ್ನಾಗಿದೆ.’ ಅತ್ತೆಯೂ ಅದನ್ನೇ ಜಪ ಮಾಡುತ್ತಿದ್ದರು. ಕುರ್ಲಾದಿಂದ ಮತ್ಸ್ಯಗಂಧ ರೈಲು ಹತ್ತಿಸಿ ಕುಂದಾಪುರಕ್ಕೆ ಕರೆದುಕೊಂಡು ಹೋದೆವು. ಒಂದೂವರೆ ತಿಂಗಳು ಇದ್ದರು. ಮೊದಲ ವಾರ ಮುಖದಲ್ಲಿ ಹತ್ತು ವರ್ಷ ಇಳಿದಿತ್ತು. ಅಂಗಳಕ್ಕೆ ಇಳಿದರು, ಹೂ ಕೊಯ್ದರು, ನೆಂಟರು ಬಂದರು. ಮೂರನೇ ವಾರಕ್ಕೆ ನೆಂಟರೆಲ್ಲ ನೋಡಿ ಆಗಿತ್ತು. ಮನೆಯಲ್ಲಿ ಉಳಿದವರು ಎಪ್ಪತ್ತೆಂಟರ ತಂಗಿ, ಎಂಬತ್ತಮೂರರ ಭಾವ. ಬಚ್ಚಲು ಹೊರಗೆ, ಜಗುಲಿಗೆ ಮೂರು ಎತ್ತರದ ಮೆಟ್ಟಿಲು, ಆಸ್ಪತ್ರೆ ದೂರ. ಅವರ ಮನಸ್ಸಿನಲ್ಲಿದ್ದ ಊರು ಅವರ ಮದುವೆಗೆ ಮುಂಚಿನ ಊರು, ಮನೆ ತುಂಬ ಜನ ಇದ್ದ ಊರು.

ಹಾಗಂತ ಊರು ಬೇಡ ಅನ್ನುವುದಿಲ್ಲ. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಒಂದು ತಿಂಗಳು ಹೋಗಿಬರುವುದು ಅತ್ತೆಗೆ ಬೇಕು. ಅಲ್ಲೇ ಇರಿಸಬೇಕಾದರೆ ಕೈಕಾಲು ಗಟ್ಟಿ ಇರುವ ಒಬ್ಬರಾದರೂ ಆ ಮನೆಯಲ್ಲಿರಬೇಕು.

ಇನ್ನು ಹಿರಿಯರಿಗೆಂದೇ ಕಟ್ಟಿದ ಜಾಗಗಳು. ಇದರಲ್ಲಿ ಗೊಂದಲ ಜಾಸ್ತಿ. ಪುಣೆಯ ಅಥಶ್ರೀಯಂಥವು ಹಿರಿಯರಿಗಾಗಿ ಕಟ್ಟಿದ ಫ್ಲಾಟುಗಳ ಸಮುಚ್ಚಯ. ತಮ್ಮ ಮನೆ ತಾವೇ ನಡೆಸುವವರಿಗೆ ಹೇಳಿಮಾಡಿಸಿದ ಹಾಗೆ. ಕೈ ಹಿಡಿದು ನಡೆಸಬೇಕಾದವರಿಗೆ ಆರೈಕೆ ಸೇರಿದ ವಸತಿ ಬೇರೆ. ದಾನದಿಂದ ನಡೆಯುವ ವೃದ್ಧಾಶ್ರಮ ಬೇರೆ, ಹಲವು ಕಡೆ ಓಡಾಡಿಕೊಂಡಿರುವವರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಹಾಸಿಗೆ ಹಿಡಿದವರನ್ನು ನೋಡುವ ಕಡೆ ನರ್ಸುಗಳು ಬೇಕು, ಅದು ಇನ್ನೂ ಬೇರೆ. ‘ಈಗ ಓಡಾಡುತ್ತಾರೆ, ನಾಳೆ ಹಾಸಿಗೆ ಹಿಡಿದರೆ ಏನು ಮಾಡುತ್ತೀರಿ?’ ಇದು ಮೊದಲ ಪ್ರಶ್ನೆ. ಉತ್ತರ ಬರವಣಿಗೆಯಲ್ಲಿ ಬೇಕು. ಡಿಪಾಸಿಟ್ ವಾಪಸ್ ಬರುವ ಕ್ರಮವೂ ಬರವಣಿಗೆಯಲ್ಲಿ.

ಉಳಿದ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು ಅನ್ನುವುದು ಯಾರ ಇಷ್ಟ? ಕೋಣೆಯಲ್ಲಿ ಒಂದು ತುಳಸಿ ಕುಂಡ ಇಟ್ಟುಕೊಳ್ಳಬಹುದಾ? ಕುಚ್ಚಲಕ್ಕಿ ಗಂಜಿ ಸಿಗುತ್ತದಾ, ಇಲ್ಲ ಮೂರು ಹೊತ್ತೂ ಪೋಳಿ, ಅಂದರೆ ಚಪಾತಿಯಾ? ಇವು ಸಣ್ಣ ವಿಷಯ ಅಲ್ಲ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಅಮೆರಿಕದ ಒಂದು ಆರೈಕೆ ಮನೆಯಲ್ಲಿ ಪರೀಕ್ಷೆ ಮಾಡಿದರು. ಒಂದು ಮಹಡಿಯವರಿಗೆ ಗಿಡ ಆರಿಸಿಕೊಳ್ಳಿ, ನೀವೇ ನೋಡಿಕೊಳ್ಳಿ, ಸಿನಿಮಾ ಯಾವತ್ತು ಬೇಕು ಹೇಳಿ ಅಂದರು. ಇನ್ನೊಂದು ಮಹಡಿಯವರಿಗೆ ಗಿಡ ಕೊಟ್ಟರು, ನೀರು ಸಿಬ್ಬಂದಿ ಹಾಕುತ್ತಾರೆ ಅಂದರು. ಮೂರು ವಾರದಲ್ಲಿ ಮೊದಲನೆಯವರು ಹೆಚ್ಚು ಲವಲವಿಕೆಯಿಂದ, ಚುರುಕಾಗಿ ಇದ್ದರು. ಹಾಗಾಗಿ ಸೇರಿಸುವ ಮುಂಚೆ ಹದಿನೈದು ದಿನ ಇದ್ದು ನೋಡಲು ಬಿಡುತ್ತಾರಾ ಕೇಳಿ. ತೀರ್ಮಾನ ಹಿರಿಯರದ್ದೇ ಇರಲಿ. ಅವರನ್ನು ಕೇಳದೆ ಮಾಡಿದರೆ ಎಷ್ಟು ಒಳ್ಳೆಯ ಜಾಗವೂ ಅವರಿಗೆ ಜೈಲೇ.

ಜನ

ಕಾಲಿಗೆ ಕಸುವು ಬಂದ ಮೇಲೂ ಇಳಿಯಲು ಒಂದು ಕಾರಣ ಬೇಕಲ್ವಾ? ಹತ್ತಿರದ ಜ್ಯೇಷ್ಠ ನಾಗರಿಕ ಸಂಘ, ಹಿರಿಯರು ಕೂಡಿ ಹೊತ್ತು ಕಳೆಯುವ ವಿರಂಗುಳಾ ಕೇಂದ್ರ ಮುಂಬೈ ಪುಣೆಯಲ್ಲಿ ಹಲವು ಕಡೆ ಇವೆ. ಮುಂಬೈಯಲ್ಲಿ ಡಿಗ್ನಿಟಿ ಫೌಂಡೇಶನ್ನಿನ ಚಾಯ್ ಮಸ್ತಿ ಸೆಂಟರ್‌ಗಳಿವೆ. ಮರಾಠಿ, ಹಿಂದಿ ಸಲೀಸು ಇರುವವರಿಗೆ ಇವೇ ಹತ್ತಿರ, ಇವೇ ಸುಲಭ. ಆದರೆ ಐವತ್ತು ವರ್ಷ ಮರಾಠಿ ಮಾತಾಡಿದ ಅತ್ತೆ ಈಗ ಮೆಲ್ಲಗೆ ಕುಂದಾಪುರದ ಭಾಷೆಗೇ ವಾಪಸಾಗುತ್ತಿದ್ದಾರೆ. ಜೋಕು ಹೇಳಬೇಕಾದರೆ, ಬೈಯಬೇಕಾದರೆ ಕನ್ನಡವೇ ಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘ ದೂರವಾಯಿತು. ಲೋಕಲ್‌ನ ಗರ್ದಿ, ಸ್ಟೇಷನ್ ಸೇತುವೆಯ ಮೆಟ್ಟಿಲು ಅವರಿಂದ ಆಗದು. ಹತ್ತಿರದಲ್ಲೇ ಡೊಂಬಿವಲಿ ಕರ್ನಾಟಕ ಸಂಘ ಇದೆ, ರಿಕ್ಷಾದಲ್ಲಿ ಹೋಗಿಬರಬಹುದು. ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಪಕ್ಕದ ಬಿಲ್ಡಿಂಗಿನ ಶನಿವಾರದ ಭಜನೆ. ಅಲ್ಲಿ ತಾಳ ಹಾಕುವವರು ಅತ್ತೆಯೇ. ಅವರು ಹೋಗದಿದ್ದರೆ ಫೋನ್ ಬರುತ್ತದೆ.

ಕ್ಯಾಮೆರಾನಾ, ಗಂಟೆನಾ

ನನ್ನ ನಾದಿನಿ ದುಬೈನಿಂದ ಹಾಲಿಗೊಂದು ಕ್ಯಾಮೆರಾ ಕಳಿಸಿದಳು. ಅತ್ತೆ ಅದರ ಮೇಲೆ ಬೈರಾಸ ಹೊದಿಸಿದರು. ಮುಗಿಯಿತು. ಮರೆವು ಜಾಸ್ತಿ ಇರುವವರಿಗೆ ಕ್ಯಾಮೆರಾ ಬೇಕಾಗಬಹುದು, ಆಗಲೂ ಹೇಳಿಯೇ ಇಡಿ. ಬುದ್ಧಿ ನೆಟ್ಟಗಿರುವವರಿಗೆ ಒತ್ತಿದರೆ ಬಡಿಯುವ ಬ್ಯಾಟರಿ ಗಂಟೆ ಸಾಕು. ಒಂದು ಬಚ್ಚಲಲ್ಲಿ, ನೆಲದಿಂದ ಒಂದಡಿ ಎತ್ತರದಲ್ಲಿ. ಬಿದ್ದವರಿಗೆ ಕೈಗೆ ಸಿಗಬೇಕಾದ್ದು ಅಲ್ಲಿ. ಇನ್ನೊಂದು ಮಂಚದ ಪಕ್ಕ. ಗಂಟೆಯ ಇನ್ನೊಂದು ತುದಿ ಎದುರಿನ ಕುಲಕರ್ಣಿ ಅಜ್ಜಿಯ ಮನೆಯಲ್ಲಿದೆ. ಹಗಲು ಹೊತ್ತಿಗೆ ಯಾರೂ ಇಲ್ಲದವರು, ಮನೆಯಲ್ಲೇ ಕಿರುಕುಳ ಇರುವವರು ಹಿರಿಯರ ಸಹಾಯವಾಣಿ 14567 ಗುರುತು ಮಾಡಿಟ್ಟುಕೊಳ್ಳಿ. ಎಪ್ಪತ್ತು ದಾಟಿದ ಎಲ್ಲರಿಗೂ 2024ರ ಅಕ್ಟೋಬರಿನಿಂದ ಆಯುಷ್ಮಾನ್ ವಯ ವಂದನಾ ಕಾರ್ಡ್ ಸಿಗುತ್ತದೆ, ವರ್ಷಕ್ಕೆ ಐದು ಲಕ್ಷದ ತನಕ ಆಸ್ಪತ್ರೆ ಖರ್ಚಿಗೆ. ಬೀಳುವ ಮುಂಚೆಯೇ ಮಾಡಿಸಿ.

ಮೆಟ್ಟುಕತ್ತಿ ಅಟ್ಟದಿಂದ ಇಳಿದಿದೆ. ನೆಲದ ಮೇಲೆ ಕೂರಲು ಆಗುವುದಿಲ್ಲ ಅಂತ ಅತ್ತೆ ಅದನ್ನು ಕಟ್ಟೆಯ ಮೇಲೆ ಇಟ್ಟು ನಿಂತುಕೊಂಡು ತೊಂಡೆಕಾಯಿ ಹೆಚ್ಚುತ್ತಾರೆ. ನನಗೆ ನೋಡಿದರೆ ಎದೆ ಡವಡವ, ಆದರೂ ಸುಮ್ನಿರುತ್ತೇನೆ. ಮೆಟ್ಟಿಲಿಗೆ ಈಗ ನಾಲ್ಕು ಮಾರ್ಕ್ಸ್ ಕೊಟ್ಟಿದ್ದಾರೆ. ಮಂಗಳವಾರ, ಶುಕ್ರವಾರ ಕೆಳಗಿಳಿಯುತ್ತಾರೆ. ನಾನು ಒಂದು ತಿರುವು ಹಿಂದೆ ಇರುತ್ತೇನೆ, ಫೋನ್ ನೋಡುವವಳ ಹಾಗೆ.

ಮತ್ತೆ ಮಳೆ ಶುರುವಾಗಿದೆ. ಕೋಲಿನ ತುದಿಯ ರಬ್ಬರ್ ನೋಡಿ ಅಂತ ನಿಮಗೂ ನೆನಪು ಮಾಡುತ್ತೇನೆ. ನಮ್ಮದು ಒಂದು ಕಡೆ ಪೂರ್ತಿ ಸವೆದು ನುಣ್ಣಗಾಗಿದೆ, ಒದ್ದೆ ಲಾದಿಯ ಮೇಲೆ ಜಾರುತ್ತದೆ. ಮೆಡಿಕಲ್‌ನಲ್ಲಿ ಸಿಗುತ್ತದೆ, ದುಬಾರಿ ಏನಲ್ಲ. ಆದರೆ ಸೈಜು ಬೇರೆ ಬೇರೆ ಇರುತ್ತವೆ, ಹಳೆಯದನ್ನು ಕಿತ್ತು ಜೊತೆಗೆ ತಗೊಂಡು ಹೋಗಿ.